ಜಪಾನಿನ ಬೇಡಿ ಯಾವುದು, ಅದರಲ್ಲಿ ಉಳಿದದ್ದೆಷ್ಟು?

ಮಾನ್ಯ ಸಂಪಾದಕರಿಗೆ,

ಚೀನಾದ ನೌಕಾಬಲ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ, ಆದ್ದರಿಂದ ಎರಡನೇ ಮಹಾಯುದ್ಧದ ಬಳಿಕ ಜಪಾನಿನ ಸೇನೆಗೆ ತೊಡಿಸಿದ ಬೇಡಿಯನ್ನು ಕಳಚಬೇಕು, ಅದರಿಂದ ಭಾರತಕ್ಕೂ ಲಾಭ ಎಂಬ ಅರ್ಥದ ಪತ್ರಗಳು ಇತ್ತೀಚೆಗೆ ಈ ಅಂಕಣದಲ್ಲಿ ಬರುತ್ತಿವೆ. ಬರೆದವರ ಕಳಕಳಿ ನಿಜವಾದದ್ದೇ. ಆದರೆ ಆ ಬೇಡಿ ಯಾವ ಕಾಗದದಲ್ಲಿದೆ, ಅದರ ಎಷ್ಟು ಕೊಂಡಿ ಈಗಾಗಲೇ ಕಳಚಿ ಬಿದ್ದಿದೆ, ಉಳಿದದ್ದು ಏನು ಕೆಲಸ ಮಾಡುತ್ತಿದೆ ಎಂದು ಯಾರೂ ಬಿಡಿಸಿ ಹೇಳಿಲ್ಲ. ಬಿಡಿಸಿ ನೋಡಿದರೆ ಉಳಿದ ನಿರ್ಬಂಧವನ್ನು ತೆಗೆಯಬಾರದು, ಬದಲಿಗೆ ಗಟ್ಟಿ ಮಾಡಬೇಕು ಎಂದೇ ನನಗೆ ಅನಿಸುತ್ತದೆ.

ಜಪಾನಿನ ಈಗಿನ ಸಂವಿಧಾನ ಪ್ರಕಟವಾದದ್ದು 1946ರ ನವೆಂಬರ್ 3ರಂದು, ಜಾರಿಗೆ ಬಂದದ್ದು 1947ರ ಮೇ 3ರಂದು. ಅದರ 9ನೇ ವಿಧಿಯಲ್ಲಿ ಎರಡೇ ಪರಿಚ್ಛೇದಗಳಿವೆ. ಯುದ್ಧವನ್ನೂ, ಅಂತರರಾಷ್ಟ್ರೀಯ ವಿವಾದ ಬಗೆಹರಿಸಲು ಬಲಪ್ರಯೋಗ ಮಾಡುವುದನ್ನೂ ಜಪಾನಿನ ಜನ ಶಾಶ್ವತವಾಗಿ ತ್ಯಜಿಸುತ್ತಾರೆ ಎನ್ನುತ್ತದೆ ಮೊದಲನೆಯದು. ಆ ಉದ್ದೇಶ ಸಾಧಿಸಲು ಭೂಸೇನೆ, ನೌಕಾಸೇನೆ, ವಾಯುಸೇನೆ ಅಥವಾ ಇತರ ಯಾವುದೇ ಯುದ್ಧಶಕ್ತಿಯನ್ನು ಇಟ್ಟುಕೊಳ್ಳುವುದಿಲ್ಲ, ಯುದ್ಧ ಹೂಡುವ ಹಕ್ಕನ್ನು ರಾಷ್ಟ್ರಕ್ಕೆ ಮಾನ್ಯ ಮಾಡುವುದಿಲ್ಲ ಎನ್ನುತ್ತದೆ ಎರಡನೆಯದು. ಇದರಲ್ಲಿ 'ಆ ಉದ್ದೇಶ ಸಾಧಿಸಲು' ಎಂಬ ಮಾತು ಮೂಲ ಕರಡಿನಲ್ಲಿ ಇರಲಿಲ್ಲ. 1946ರಲ್ಲಿ ಸಂಸತ್ತಿನ ಸಮಿತಿಯ ಅಧ್ಯಕ್ಷರಾಗಿದ್ದ ಹಿತೋಶಿ ಅಶಿದಾ ಅದನ್ನು ಸೇರಿಸಿದರು. ವಿವಾದಕ್ಕಾಗಿ ಸೇನೆ ಬೇಡ, ಆತ್ಮರಕ್ಷಣೆಗಾದರೆ ಅಡ್ಡಿಯಿಲ್ಲ ಎಂದು ಓದುವುದಕ್ಕೆ ಆ ಸಣ್ಣ ಮಾತು ದಾರಿ ಮಾಡಿಕೊಟ್ಟಿತು.

ಕೊರಿಯಾ ಯುದ್ಧ ಶುರುವಾದ 1950ರಲ್ಲೇ 75,000 ಜನರ 'ರಾಷ್ಟ್ರೀಯ ಪೊಲೀಸ್ ಮೀಸಲು ಪಡೆ' ಹುಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಪಾನೀ ಹಡಗುಗಳು ಕೊರಿಯಾದ ವೊನ್ಸಾನ್ ಬಂದರಿನಲ್ಲಿ ಗುಟ್ಟಾಗಿ ಮೈನ್, ಅಂದರೆ ಹಡಗು ಸಿಡಿಸಲು ನೀರಿನಲ್ಲಿ ಹುದುಗಿಸಿಟ್ಟ ಸ್ಫೋಟಕ, ತೆಗೆದವು. ಒಂದು ಹಡಗು ಸ್ಫೋಟಗೊಂಡು ಒಬ್ಬ ನಾವಿಕ ಸತ್ತ. 1954ರ ಜುಲೈ 1ರಂದು ಇವತ್ತಿನ ಆತ್ಮರಕ್ಷಣಾ ಪಡೆ ಬಂತು. ಸಂವಿಧಾನದ ಒಂದಕ್ಷರವೂ ಬದಲಾಗಿರಲಿಲ್ಲ, ಬದಲಾದದ್ದು ಹೆಸರುಗಳು. ಮೊದಮೊದಲು ಟ್ಯಾಂಕಿಗೆ 'ವಿಶೇಷ ವಾಹನ' ಎಂದರು. ಕಾಲಾಳುಪಡೆಗೆ ಇಂದಿಗೂ 'ಸಾಮಾನ್ಯ ವಿಭಾಗ' ಎಂದೇ ಹೆಸರು. ಡಿಸ್ಟ್ರಾಯರ್ ಅಲ್ಲಿ 'ಬೆಂಗಾವಲು ಹಡಗು'. 2013ರ ಆಗಸ್ಟ್ 6ರಂದು, ಹಿರೋಶಿಮಾ ದಿನವೇ, ಯೊಕೊಹಾಮಾದಲ್ಲಿ ನೀರಿಗಿಳಿದ 'ಇಜುಮೊ' 248 ಮೀಟರ್ ಉದ್ದದ್ದು, ತುದಿಯಿಂದ ತುದಿಗೆ ಸಪಾಟು ಡೆಕ್ಕಿನದ್ದು. ಅದನ್ನೂ 'ಹೆಲಿಕಾಪ್ಟರ್ ಹೊರುವ ಬೆಂಗಾವಲು ಹಡಗು' ಎಂದೇ ಬರೆಯಲಾಯಿತು. 2018ರ ಕೊನೆಗೆ ಅದರ ಮೇಲೆ ಎಫ್-35ಬಿ ಯುದ್ಧವಿಮಾನ ಇಳಿಸುವ ತೀರ್ಮಾನವಾಯಿತು. ಈ ವಿಮಾನ ನೆಟ್ಟಗೆ ಕೆಳಗಿಳಿಯುವಾಗ ಎಂಜಿನಿನ ಬೆಂಕಿಯ ಉಸಿರು ನೇರವಾಗಿ ಡೆಕ್ಕಿಗೆ ಬಡಿಯುತ್ತದೆ; ಮಾಮೂಲಿ ಡೆಕ್ ಅದನ್ನು ತಾಳುವುದಿಲ್ಲ. ಹಾಗಾಗಿ ಶಾಖ ತಡೆಯುವ ಲೇಪ ಹಾಕಿದರು. ಜೋಡಿ ಹಡಗು 'ಕಾಗಾ'ದ ಮೂತಿಯನ್ನು ಚೌಕವಾಗಿ ಮರುಕಟ್ಟಿದರು. ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ 1942ರಲ್ಲಿ ಮಿಡ್‌ವೇಯಲ್ಲಿ ಮುಳುಗಿದ ವಿಮಾನವಾಹಕದ ಹೆಸರೂ ಕಾಗಾ ಎಂದೇ ಇತ್ತು. ನೆರೆಯ ದೇಶಗಳು ಇಂಥದ್ದನ್ನು ಗಮನಿಸದೆ ಇರುವುದಿಲ್ಲ.

ಉಳಿದ ಕೊಂಡಿಗಳೂ ಒಂದೊಂದಾಗಿ ಸಡಿಲವಾಗಿವೆ. ರಕ್ಷಣಾ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇ 1 ಮೀರಬಾರದು ಎಂದು 1976ರಲ್ಲಿ ಸಂಪುಟ ಹಾಕಿಕೊಂಡ ಗೆರೆಯನ್ನು 1987ರಲ್ಲಿ ಕೈಬಿಡಲಾಯಿತು. 2022ರ ಡಿಸೆಂಬರ್‌ನಲ್ಲಿ ಐದು ವರ್ಷಕ್ಕೆ 43 ಲಕ್ಷ ಕೋಟಿ ಯೆನ್ ಖರ್ಚು, ಶೇ 2ರ ಗುರಿ, ಶತ್ರುನೆಲದ ಕ್ಷಿಪಣಿ ನೆಲೆಗೆ ಹೊಡೆಯುವ 'ಪ್ರತಿದಾಳಿ ಸಾಮರ್ಥ್ಯ' ಎಲ್ಲವೂ ಒಂದೇ ಸಲ ಒಪ್ಪಿಗೆ ಪಡೆದವು. ಅಮೆರಿಕದಿಂದ 400 ಟೊಮಾಹಾಕ್ ಕ್ಷಿಪಣಿ ಕೊಳ್ಳಲು 2024ರ ಜನವರಿಯಲ್ಲಿ ಸಹಿ ಬಿತ್ತು. ಅವುಗಳ ವ್ಯಾಪ್ತಿ ಸುಮಾರು 1,600 ಕಿಲೋಮೀಟರ್. 1967ರಲ್ಲಿ ಶುರುವಾಗಿ 1976ರಲ್ಲಿ ಬಿಗಿಯಾದ ಶಸ್ತ್ರಾಸ್ತ್ರ ರಫ್ತು ನಿಷೇಧ 2014ರಲ್ಲಿ ಸಡಿಲವಾಯಿತು. 2023ರ ಡಿಸೆಂಬರ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿಯನ್ನು ಅಮೆರಿಕಕ್ಕೆ ಕಳಿಸಲು ದಾರಿ ತೆರೆಯಿತು, 2024ರ ಮಾರ್ಚ್‌ನಲ್ಲಿ ಬ್ರಿಟನ್, ಇಟಲಿ ಜತೆ ಕಟ್ಟುತ್ತಿರುವ ಹೊಸ ಯುದ್ಧವಿಮಾನವನ್ನು ಮೂರನೇ ದೇಶಕ್ಕೆ ಮಾರಲೂ ಅನುಮತಿ ಸಿಕ್ಕಿತು. 2025ರ ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ ಮೊಗಾಮಿ ಮಾದರಿಯ 11 ಯುದ್ಧನೌಕೆಗಳಿಗೆ ಜಪಾನನ್ನೇ ಆರಿಸಿತು. ಕೈಕಾಲು ಕಟ್ಟಿಸಿಕೊಂಡ ದೇಶದ ಲಕ್ಷಣವೇ ಇದು?

ಎಲ್ಲಕ್ಕಿಂತ ದೊಡ್ಡ ಬದಲಾವಣೆ 2014ರ ಜುಲೈ 1ರದ್ದು. ಮಿತ್ರದೇಶದ ಮೇಲೆ ದಾಳಿಯಾದರೆ ತಾನೂ ಹೋರಾಡುವ 'ಸಾಮೂಹಿಕ ಆತ್ಮರಕ್ಷಣೆ'ಯ ಹಕ್ಕು ಜಪಾನಿಗೆ ಇದೆ, ಆದರೆ 9ನೇ ವಿಧಿಯಿಂದಾಗಿ ಬಳಸುವಂತಿಲ್ಲ ಎಂಬುದು 1972ರಿಂದ ಸರಕಾರದ ಲಿಖಿತ ನಿಲುವಾಗಿತ್ತು. 42 ವರ್ಷದ ಆ ನಿಲುವನ್ನು ಅಂದಿನ ಪ್ರಧಾನಿ ಶಿಂಜೊ ಅಬೆ ಸಂಪುಟ ಒಂದು ನಿರ್ಣಯದಿಂದ ತಿರುಗಿಸಿತು. ಅದಕ್ಕೂ ಮೊದಲು, 2013ರಲ್ಲಿ, ಸರಕಾರಕ್ಕೆ ಕಾನೂನಿನ ಅರ್ಥ ಹೇಳುವ ಸಂಪುಟ ಶಾಸನ ಕಚೇರಿಯ ಮುಖ್ಯಸ್ಥರ ಕುರ್ಚಿಗೆ ರೂಢಿ ಮುರಿದು ಹೊರಗಿನ ರಾಜತಾಂತ್ರಿಕರೊಬ್ಬರನ್ನು ತಂದು ಕೂರಿಸಿದ್ದರು. 2015ರ ಜೂನ್ 4ರಂದು ಸಂಸತ್ತಿನ ಸಂವಿಧಾನ ಆಯೋಗದ ಮುಂದೆ ಬಂದ ಮೂವರು ಸಂವಿಧಾನ ತಜ್ಞರೂ ಆ ನಿರ್ಣಯವನ್ನು ಕಾನೂನು ಮಾಡಲು ತಂದ ಮಸೂದೆಗಳು ಸಂವಿಧಾನಕ್ಕೆ ವಿರುದ್ಧ ಎಂದರು. ಆ ಮೂವರಲ್ಲಿ ಒಬ್ಬರು ಆಡಳಿತ ಪಕ್ಷವೇ ಕರೆಸಿದವರು. ಮಸೂದೆ ಸೆಪ್ಟೆಂಬರ್‌ನಲ್ಲಿ ಪಾಸಾಯಿತು.

ಹಾಗಾದರೆ ಉಳಿದದ್ದು ಏನು? ಆ ಕಾನೂನಿನಲ್ಲೇ ಇರುವ ಮೂರು ಷರತ್ತು ಉಳಿದಿವೆ: ಜಪಾನಿನ ಅಸ್ತಿತ್ವಕ್ಕೇ ಸ್ಪಷ್ಟ ಅಪಾಯ ಇರಬೇಕು, ಬೇರೆ ದಾರಿ ಇರಬಾರದು, ಬಳಸುವ ಬಲ ಅಗತ್ಯದಷ್ಟು ಕನಿಷ್ಠ ಆಗಿರಬೇಕು. ಕಾಗದದಲ್ಲಿ ಸಣ್ಣದಾಗಿ ಕಾಣುವ ಈ ಷರತ್ತುಗಳು ಮಾಡುವ ಕೆಲಸಕ್ಕೆ ನಮ್ಮ ಜಿಲ್ಲೆಯವರಿಗೆ ಅರ್ಥವಾಗುವ ಉದಾಹರಣೆ ಹೊರ್ಮುಜ್ ಜಲಸಂಧಿ. ಉಪ್ಪಳದಿಂದ ಕಾಞಂಗಾಡಿನವರೆಗೆ ಕೊಲ್ಲಿಯ ದುಡಿಮೆ ಮುಟ್ಟದ ಊರಿಲ್ಲ. ಅಲ್ಲಿ ಹಡಗು ನಿಂತರೆ ಇಲ್ಲಿ ಒಲೆಯ ಉರಿ ತಗ್ಗುತ್ತದೆ. ಜಪಾನಿಗೂ ಅದೇ ಕಥೆ, ಅದರ ಕಚ್ಚಾತೈಲದ ಬಹುಪಾಲು ಅದೇ ದಾರಿಯಲ್ಲಿ ಬರುತ್ತದೆ. ಯುದ್ಧ ನಡೆಯುತ್ತಿರುವಾಗಲೇ ಅಲ್ಲಿ ಮೈನ್ ತೆಗೆಯಬಹುದು ಎಂಬುದೇ 2015ರಲ್ಲಿ ಅಬೆ ಕೊಟ್ಟ ಮುಖ್ಯ ಉದಾಹರಣೆ.

ಇಲ್ಲಿನ ಕಾನೂನಿನ ಸೂಕ್ಷ್ಮ ಹೀಗಿದೆ. ಯುದ್ಧ ನಡೆಯುತ್ತಿರುವಾಗ ಒಂದು ದೇಶ ಹಾಕಿದ ಮೈನನ್ನು ತೆಗೆದರೆ ಅದು ಆ ದೇಶದ ವಿರುದ್ಧ ಬಲಪ್ರಯೋಗ ಎನಿಸುತ್ತದೆ. ಕದನವಿರಾಮದ ನಂತರ ಅದೇ ಮೈನನ್ನು ತೆಗೆದರೆ ಬಿಟ್ಟುಹೋದ ಅಪಾಯದ ವಸ್ತುವನ್ನು ತೆಗೆದಂತೆ. 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ 1,300 ಕೋಟಿ ಡಾಲರ್ ಕೊಟ್ಟಿತ್ತು. ಆದರೂ ಯುದ್ಧ ಮುಗಿದ ಮೇಲೆ ಕುವೈತ್ ಅಮೆರಿಕದ ಪತ್ರಿಕೆಯಲ್ಲಿ ಕೊಟ್ಟ ಕೃತಜ್ಞತೆಯ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ. ಹಣ ಕೊಟ್ಟರೆ ಮರ್ಯಾದೆ ಸಿಗುವುದಿಲ್ಲ, ಸೈನಿಕರನ್ನೇ ಕಳಿಸಬೇಕು ಎಂಬ ವಾದ ಅಲ್ಲಿ ಬೇರೂರಿದ್ದು ಆಗ. ಆ ನೋವು ಸುಳ್ಳಲ್ಲ. ಆದರೆ ಅದೇ ವರ್ಷ, ಕದನವಿರಾಮವಾದ ಮೇಲೆ, ಏಪ್ರಿಲ್ ಕೊನೆಗೆ 511 ಜನರ ಆರು ಹಡಗುಗಳು ಜಪಾನಿನಿಂದ ಕೊಲ್ಲಿಗೆ ಹೊರಟವು. ಕಬ್ಬಿಣದ ಒಡಲು ಹತ್ತಿರ ಬಂದರೆ ಕಾಂತೀಯ ಮೈನ್ ಸಿಡಿಯುತ್ತದೆ. ಅದಕ್ಕಾಗಿ ಆ ಆರರಲ್ಲಿ ಮೈನ್ ತೆಗೆಯುವ ನಾಲ್ಕು ಹಡಗುಗಳ ಒಡಲು ಮರದ್ದು. ಅಕ್ಟೋಬರಿನಲ್ಲಿ ಮರಳುವಷ್ಟರಲ್ಲಿ ಅವು 34 ಮೈನ್ ನಾಶ ಮಾಡಿದ್ದವು. 9ನೇ ವಿಧಿ ಇದ್ದೂ ಜಪಾನ್ ಜಗತ್ತಿಗೆ ಬೇಕಾದ ಕೆಲಸ ಮಾಡಿತು. ವಿಧಿ ಅದಕ್ಕೆ ಹೇಳಿದ್ದು ಇಷ್ಟೇ: ಗುಂಡಿನ ಸದ್ದು ನಿಲ್ಲಲಿ, ಆಮೇಲೆ ಹೋಗು.

2004ರಿಂದ 2006ರವರೆಗೆ ಇರಾಕಿನ ಸಮಾವಾದಲ್ಲಿ ಸುಮಾರು 600 ಜಪಾನೀ ಸೈನಿಕರು ನೀರು ಶುದ್ಧೀಕರಣ, ರಸ್ತೆ, ಶಾಲೆ ದುರಸ್ತಿ ಮಾಡಿದರು. ಯಾರ ಮೇಲೂ ಗುಂಡು ಹಾರಿಸಲಿಲ್ಲ, ಅವರ ಪೈಕಿ ಯಾರೂ ದಾಳಿಗೆ ಬಲಿಯಾಗಲಿಲ್ಲ. ಅವರಿಗೆ ರಕ್ಷಣೆ ಕೊಟ್ಟದ್ದು ಮೊದಲು ಡಚ್, ಬಳಿಕ ಬ್ರಿಟಿಷ್ ಮತ್ತು ಆಸ್ಟ್ರೇಲಿಯಾ ಪಡೆಗಳು. ಸೈನಿಕನನ್ನು ಇನ್ನೊಬ್ಬ ಸೈನಿಕ ಕಾಯುವುದು ಅವಮಾನ ಎಂದು ನಿರ್ಬಂಧ ತೆಗೆಯಬೇಕೆನ್ನುವವರು ಹೇಳುತ್ತಾರೆ. ಒಪ್ಪೋಣ, ಅದು ತೊಡಕೇ. ಆದರೆ ತೊಡಕನ್ನು ಬಿಡಿಸದೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಸುಡಾನ್ ತೋರಿಸಿತು. ನಮ್ಮ ಸೈನಿಕರೂ ಇದ್ದ ಅದೇ ವಿಶ್ವಸಂಸ್ಥೆ ಕಾರ್ಯಾಚರಣೆಯಲ್ಲಿ, 2016ರ ಜುಲೈಯಲ್ಲಿ ಜುಬಾ ನಗರದಲ್ಲಿ ಟ್ಯಾಂಕುಗಳು ಗುಂಡು ಹಾರಿಸುತ್ತಿದ್ದಾಗ, ಜಪಾನೀ ಪಡೆಯ ದಿನಚರಿ ವರದಿಯಲ್ಲಿ 'ಕಾಳಗ' ಎಂದು ಬರೆಯಲಾಗಿತ್ತು. ಕಾಳಗ ನಡೆಯುತ್ತಿದೆ ಎಂದಾದರೆ ಕದನವಿರಾಮ ಇಲ್ಲ ಎಂದಾಯಿತು. ಕದನವಿರಾಮ ಇಲ್ಲದಿದ್ದರೆ 1992ರ ಶಾಂತಿಪಾಲನಾ ಕಾನೂನಿನ ಪ್ರಕಾರ ಪಡೆ ಹಿಂದಕ್ಕೆ ಬರಬೇಕು. ಪತ್ರಕರ್ತರೊಬ್ಬರು ಮಾಹಿತಿ ಹಕ್ಕಿನಡಿ ಆ ವರದಿ ಕೇಳಿದಾಗ ಅದನ್ನು ನಾಶಮಾಡಲಾಗಿದೆ ಎಂದು ರಕ್ಷಣಾ ಸಚಿವಾಲಯ ಉತ್ತರಿಸಿತು. ಆಮೇಲೆ ಅದು ಕಂಪ್ಯೂಟರಿನಲ್ಲೇ ಸಿಕ್ಕಿತು. ಕಾಳಗ ಎಂದರೆ 9ನೇ ವಿಧಿಯ ಸಮಸ್ಯೆ ಆಗುತ್ತದೆ, ಅದಕ್ಕಾಗಿ 'ಶಸ್ತ್ರಸಹಿತ ಘರ್ಷಣೆ' ಎಂಬ ಮಾತು ಬಳಸುತ್ತಿದ್ದೇನೆ ಎಂದು ಸಚಿವೆ ತೊಮೊಮಿ ಇನಾದಾ ಸಂಸತ್ತಿನಲ್ಲೇ ಹೇಳಿದರು. 2017ರ ಮೇಯಲ್ಲಿ ಪಡೆ ಮರಳಿತು, ಜುಲೈಯಲ್ಲಿ ಸಚಿವೆ ರಾಜೀನಾಮೆ ಕೊಟ್ಟರು. ಕಾನೂನಿನಲ್ಲಿ ಆ ಪದಕ್ಕೆ ತೂಕ ಇದ್ದುದರಿಂದಲೇ ಸತ್ಯ ಹೊರಗೆ ಬಂತು. 9ನೇ ವಿಧಿ ಇಲ್ಲದಿದ್ದರೆ ಆ ವರದಿಯನ್ನು ಕೇಳುವ ಅಗತ್ಯವೇ ಯಾರಿಗೂ ಬರುತ್ತಿರಲಿಲ್ಲ.

ನ್ಯಾಯಾಲಯದ ಬಾಗಿಲು ತಟ್ಟಲು ಸಾಮಾನ್ಯ ಜನರಿಗೆ ಸಿಕ್ಕ ಹಿಡಿಯೂ ಇದೇ ವಿಧಿ. ಹೊಕ್ಕೈಡೊದ ನಗನುಮಾದಲ್ಲಿ ನೈಕಿ ಕ್ಷಿಪಣಿ ನೆಲೆ ಕಟ್ಟಲು 1969ರಲ್ಲಿ ಜಲರಕ್ಷಣೆಯ ಕಾಡಿನ ಮೀಸಲನ್ನು ಸರಕಾರ ರದ್ದುಮಾಡಿತು. ಕಾಡು ಹೋದರೆ ಗದ್ದೆಯ ನೀರು ಹೋಗುತ್ತದೆ, ನೆರೆ ಬರುತ್ತದೆ ಎಂದು ರೈತರು ಕೋರ್ಟಿಗೆ ಹೋದರು. 1973ರ ಸೆಪ್ಟೆಂಬರ್ 7ರಂದು ಸಪ್ಪೊರೊ ಜಿಲ್ಲಾ ನ್ಯಾಯಾಲಯ ಆತ್ಮರಕ್ಷಣಾ ಪಡೆಯೇ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟಿತು. ಮೇಲಿನ ಕೋರ್ಟು 1976ರಲ್ಲಿ ಅದನ್ನು ತಳ್ಳಿಹಾಕಿತು. 1982ರಲ್ಲಿ ಸುಪ್ರೀಂ ಕೋರ್ಟು, ಕಾಡಿನ ಬದಲಿಗೆ ನೀರಿನ ವ್ಯವಸ್ಥೆ ಆಗಿದೆ, ಇನ್ನು ದಾವೆ ಹೂಡುವ ಹಿತಾಸಕ್ತಿ ಇಲ್ಲ ಎಂದು ಪ್ರಕರಣ ಮುಗಿಸಿತು. ರೈತರು ಸೋತರು. ಆದರೆ ಬದಲಿ ನೀರಿನ ವ್ಯವಸ್ಥೆ ಮಾಡದೆ ಸರಕಾರಕ್ಕೆ ಗತಿಯಿರಲಿಲ್ಲ.

ವಿಧಿ ಹೇಗೂ ಟೊಳ್ಳಾಗಿದೆ, ಇನ್ನೇಕೆ ಇಟ್ಟುಕೊಳ್ಳಬೇಕು ಎಂದು ಕೇಳುವವರಿದ್ದಾರೆ. ನಮ್ಮ ತೋಡುಗಳಿಗೆ ಮಳೆ ನಿಂತ ಮೇಲೆ ಹಾಕುವ ಕಟ್ಟ ನೋಡಿದವರು ಹಾಗೆ ಕೇಳಲಾರರು. ಕಲ್ಲು, ಮಣ್ಣು, ಸೊಪ್ಪಿನ ಕಟ್ಟದ ಅಡಿಯಲ್ಲಿ ನೀರು ಸೋರಿಯೇ ಸೋರುತ್ತದೆ. ಸೋರುತ್ತದೆಂದು ಕಟ್ಟವನ್ನೇ ಒಡೆದರೆ ಕೆಳಗಿನ ಅಡಿಕೆ ತೋಟಕ್ಕೆ ಬೇಸಗೆಯಲ್ಲಿ ಹನಿ ನೀರಿಲ್ಲ. ಸಂದಿಗೆ ಮತ್ತೆ ಸೊಪ್ಪು ಮಣ್ಣು ತುರುಕುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ಅನುಭವವೂ ಇದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆನ್ನುವ 350ಎ ವಿಧಿಯನ್ನು ಯಾರೂ ಅಳಿಸಿಲ್ಲ. ಆದರೂ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾದದ್ದಿದೆ, ಮಕ್ಕಳೂ ಹೆತ್ತವರೂ ಶಾಲೆಯೆದುರು ಕೂತು ಪ್ರತಿಭಟಿಸಿದ್ದಿದೆ. ಹಾಗೆ ಕೂರಲು ಕಾಲಡಿಗೆ ನೆಲ ಇದ್ದದ್ದು ಆ ಒಂದು ಸಾಲಿನಿಂದ. ಅರ್ಥ ತಿರುಚಿದರೆಂದು ಸಾಲನ್ನೇ ತೆಗೆದುಬಿಡಿ ಎಂದು ನಾವು ಯಾರೂ ಕೇಳುವುದಿಲ್ಲ.

ನಿರ್ಬಂಧ ತೆಗೆದರೆ ಜಪಾನಿನ ಸೇನೆ ಬಲವಾಗುತ್ತದೆ ಎಂಬ ಎಣಿಕೆಯೂ ತಪ್ಪು. ಅದರ ನಿಜವಾದ ತೊಡಕುಗಳಿಗೂ 9ನೇ ವಿಧಿಗೂ ಸಂಬಂಧವೇ ಇಲ್ಲ. ಮೊದಲನೆಯದು ಜನ. ಆತ್ಮರಕ್ಷಣಾ ಪಡೆಯ ಮಂಜೂರಾದ ಸಂಖ್ಯೆ ಸುಮಾರು 2,47,000. ಆ ಸಂಖ್ಯೆ ಭರ್ತಿಯಾಗುವುದಿಲ್ಲ. 2018ರಲ್ಲಿ ಸೇರುವ ವಯೋಮಿತಿಯನ್ನು 26ರಿಂದ 32ಕ್ಕೆ ಏರಿಸಿದರು, ಆದರೂ 2023ರ ಸಾಲಿನಲ್ಲಿ ಬೇಕಾದವರಲ್ಲಿ ಅರ್ಧದಷ್ಟೇ ಜನ ಸಿಕ್ಕರು. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಮಕ್ಕಳು 7 ಲಕ್ಷಕ್ಕೂ ಕಡಿಮೆ. 18 ವರ್ಷ ಕಳೆದ ಮೇಲೆ ಸೇನೆಗೆ ಬರುವವರು ಇವರಲ್ಲೇ ಬರಬೇಕು. ಎರಡನೆಯದು ಮದ್ದುಗುಂಡು. ಸೋವಿಯತ್ ಕಾಲದ ಭಯದಿಂದ ಅದರ ಬಹುಪಾಲು ಉತ್ತರದ ಹೊಕ್ಕೈಡೊದಲ್ಲಿ ದಾಸ್ತಾನಾಗಿದೆ. ಇಂದಿನ ಆತಂಕ ಇರುವುದು 2,000 ಕಿಲೋಮೀಟರಿಗೂ ದೂರದ ದಕ್ಷಿಣ ದ್ವೀಪಗಳಲ್ಲಿ; ತೈವಾನಿನಿಂದ ಯೊನಗುನಿ ದ್ವೀಪಕ್ಕೆ 110 ಕಿಲೋಮೀಟರ್ ಮಾತ್ರ. ಮೂರನೆಯದು ಹಣ. 43 ಲಕ್ಷ ಕೋಟಿಯ ಲೆಕ್ಕ ಹಾಕುವಾಗ ಡಾಲರಿಗೆ 108 ಯೆನ್ ಎಂದು ಹಿಡಿದಿದ್ದರು, ಬೆಲೆ 150 ದಾಟಿತು. ಟೊಮಾಹಾಕ್, ಎಫ್-35 ಎರಡನ್ನೂ ಡಾಲರಿನಲ್ಲೇ ಕೊಳ್ಳಬೇಕು. ಇನ್ನು ಟೊಮಾಹಾಕ್ ಹಾರಿಸಬೇಕಾದರೆ ಗುರಿ ಎಲ್ಲಿದೆ ಎಂದು ಮೊದಲು ತಿಳಿಯಬೇಕು. ಉತ್ತರ ಕೊರಿಯಾದ ಕ್ಷಿಪಣಿಗಳು ಲಾರಿಯ ಮೇಲೆ ಕಾಡಿನೊಳಗೆ ಜಾಗ ಬದಲಿಸುತ್ತಿರುತ್ತವೆ; ಅವುಗಳನ್ನು ಹಿಂಬಾಲಿಸಲು, ಹೊಡೆದ ಮೇಲೆ ಬಿತ್ತೋ ಇಲ್ಲವೋ ನೋಡಲು ಜಪಾನ್ ಬಹುಮಟ್ಟಿಗೆ ಅಮೆರಿಕದ ಕಣ್ಣನ್ನೇ ನಂಬಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ಶತ್ರುವಿನ ಕ್ಷಿಪಣಿ ನೆಲೆಗೆ ಹೊಡೆಯಬಹುದು, ಸುಮ್ಮನೆ ಕೂತು ಸಾಯಿರಿ ಎಂದು ಸಂವಿಧಾನ ಹೇಳುವುದಿಲ್ಲ ಎಂದು ಇಚಿರೊ ಹತೊಯಾಮಾ ಸರಕಾರ 1956ರಲ್ಲೇ ಹೇಳಿತ್ತು. ಅನುಮತಿ ಅಂದಿನಿಂದ ಇತ್ತು, ಇರಲಿಲ್ಲವಾದದ್ದು ಸಾಧನ.

ಈಗ ಮುಂದಿರುವ ತಿದ್ದುಪಡಿಯ ಕರಡನ್ನೇ ನೋಡಿ. ಈಗಿನ ಆಡಳಿತ ಪಕ್ಷವಾದ ಲಿಬರಲ್ ಡೆಮಾಕ್ರಟಿಕ್ ಪಕ್ಷದ 2012ರ ಕರಡು ಎರಡನೇ ಪರಿಚ್ಛೇದವನ್ನು ತೆಗೆದು 'ರಾಷ್ಟ್ರರಕ್ಷಣಾ ಸೇನೆ' ಎಂದು ಬರೆಯಿತು. ಜನ ಹೆದರಿದರು. 2018ರ ಕರಡು ಮೆತ್ತಗಿದೆ: ಇದ್ದ ಎರಡು ಪರಿಚ್ಛೇದ ಹಾಗೇ ಇರಲಿ, ಕೆಳಗೆ ಆತ್ಮರಕ್ಷಣಾ ಪಡೆಯ ಹೆಸರು ಸೇರಿಸೋಣ ಎನ್ನುತ್ತದೆ. ಕೇಳಲು ಹಿತವಾಗಿದೆ. ಆದರೆ ಸೇರಿಸುವ ವಾಕ್ಯದಲ್ಲಿ ಹಿಂದಿನ ವಿಧಿಯು 'ಅಗತ್ಯ ಆತ್ಮರಕ್ಷಣಾ ಕ್ರಮ'ಕ್ಕೆ ಅಡ್ಡಿಯಲ್ಲ ಎಂದಿದೆ. ದಶಕಗಳಿಂದ ಸರಕಾರವೇ ಹೇಳುತ್ತ ಬಂದ 'ಕನಿಷ್ಠ' ಎಂಬ ಪದ ಅಲ್ಲಿಲ್ಲ. ಹಳೆಯ ಮತ್ತು ಹೊಸ ನಿಯಮ ತಾಗಿದರೆ ಹೊಸದೇ ಮೇಲು ಎಂಬುದು ಕಾನೂನಿನ ಸಾಮಾನ್ಯ ರೀತಿ. ಹಾಗಾಗಿ ಎರಡನೇ ಪರಿಚ್ಛೇದ ಪುಸ್ತಕದಲ್ಲಿ ಉಳಿದೂ ಸತ್ತಂತಾಗುತ್ತದೆ. ನನಗೆ ಇದು 2012ರದ್ದಕ್ಕಿಂತ ಹೆಚ್ಚು ಅಪಾಯದ್ದಾಗಿ ಕಾಣುತ್ತದೆ, ಏಕೆಂದರೆ ಏನೂ ಬದಲಾಗುತ್ತಿಲ್ಲ ಎಂದು ನಂಬಿಸಿ ವೋಟು ಕೇಳಲಾಗುತ್ತದೆ. ಬದಲಿಸುವ ಹಕ್ಕು ಜಪಾನಿನ ಜನರಿಗೆ ಇದ್ದೇ ಇದೆ. 96ನೇ ವಿಧಿಯ ಪ್ರಕಾರ ಕೆಳಮನೆಯ 465ರಲ್ಲಿ 310, ಮೇಲ್ಮನೆಯ 248ರಲ್ಲಿ 166 ಸದಸ್ಯರು ಒಪ್ಪಬೇಕು. ಬಳಿಕ 60ರಿಂದ 180 ದಿನಗಳೊಳಗೆ ಜನಮತ, ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಕನಿಷ್ಠ ಇಷ್ಟು ಜನ ಮತ ಹಾಕಲೇಬೇಕೆಂಬ ನಿಯಮ ಇಲ್ಲ. 1947ರಿಂದ ಈವರೆಗೆ ಒಮ್ಮೆಯೂ ಈ ದಾರಿ ತುಳಿದಿಲ್ಲ.

ಭಾರತದ ಲಾಭದ ಮಾತಿಗೆ ಬಂದರೆ, ಜಪಾನ್ ಸೈನ್ಯದ ಆಳ್ವಿಕೆ ಕಂಡ ಭಾರತದ ನೆಲವೂ ಇದೆ. 1942ರ ಮಾರ್ಚ್‌ನಿಂದ 1945ರವರೆಗೆ ಅಂಡಮಾನ್ ಅವರ ವಶದಲ್ಲಿತ್ತು. ನೇತಾಜಿ ಪೋರ್ಟ್ ಬ್ಲೇರಿನಲ್ಲಿ ಧ್ವಜ ಹಾರಿಸಿದ್ದು 1943ರ ಡಿಸೆಂಬರ್ 30ರಂದು. ಸರಿಯಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಗೂಢಚಾರರೆಂದು ಆರೋಪಿಸಿ 44 ಭಾರತೀಯರನ್ನು ಹಮ್‌ಫ್ರೀಗಂಜಿನಲ್ಲಿ ಗುಂಡಿಕ್ಕಿ ಕೊಂದರು. ಇಷ್ಟಾದರೂ ಭಾರತ ಸೇಡಿನ ದಾರಿ ಹಿಡಿಯಲಿಲ್ಲ. ಜಪಾನಿನ ಜತೆ ಶಾಂತಿ ಒಪ್ಪಂದಕ್ಕಾಗಿ ನಡೆದ 1951ರ ಸಾನ್ ಫ್ರಾನ್ಸಿಸ್ಕೊ ಸಮ್ಮೇಳನಕ್ಕೆ ಹೋಗದೆ, 1952ರ ಜೂನ್ 9ರಂದು ಬೇರೆಯೇ ಒಪ್ಪಂದ ಮಾಡಿಕೊಂಡು ಯುದ್ಧಪರಿಹಾರವನ್ನೂ ಬಿಟ್ಟುಕೊಟ್ಟಿತು. ಇಂದು 9ನೇ ವಿಧಿ ಇರುವಾಗಲೇ ಜಪಾನ್ 2015ರಿಂದ ಮಲಬಾರ್ ನೌಕಾ ಅಭ್ಯಾಸದ ಕಾಯಂ ಪಾಲುದಾರ. ಪರಸ್ಪರ ಇಂಧನ, ಸಾಮಗ್ರಿ ಒದಗಿಸುವ ಒಪ್ಪಂದ 2020ರ ಸೆಪ್ಟೆಂಬರಿನಲ್ಲಿ ಆಯಿತು. ಯುದ್ಧನೌಕೆಯ ಹಲವು ಆಂಟೆನಾಗಳನ್ನು ಒಂದೇ ಕಂಬದಲ್ಲಿ ಅಡಕಮಾಡುವ 'ಯೂನಿಕಾರ್ನ್' ತಂತ್ರಜ್ಞಾನಕ್ಕೆ 2024ರ ನವೆಂಬರಿನಲ್ಲಿ ಸಹಿಯಾಯಿತು. ನೀರಿನ ಮೇಲಿಳಿಯುವ ಯುಎಸ್-2 ವಿಮಾನದ ವ್ಯವಹಾರ ವರ್ಷಗಟ್ಟಲೆ ಮಾತಾಡಿಯೂ ಕುದುರಲಿಲ್ಲ. ಅಲ್ಲಿ ಅಡ್ಡ ಬಂದದ್ದು ಬೆಲೆ, ಸಂವಿಧಾನ ಅಲ್ಲ.

ಮಾತಿನ ಬಿಸಿ ಎಷ್ಟೆಂದು 2025ರ ನವೆಂಬರ್ 7ರಂದು ಕಂಡಿತು. ಪ್ರಧಾನಿ ಸನಾಯೆ ತಕಾಯಿಚಿ, ತೈವಾನಿನ ಮೇಲೆ ಯುದ್ಧನೌಕೆಗಳಿಂದ ಬಲಪ್ರಯೋಗವಾದರೆ ಅದು ಜಪಾನಿನ ಅಸ್ತಿತ್ವಕ್ಕೇ ಅಪಾಯದ ಸನ್ನಿವೇಶ ಆಗಬಹುದು ಎಂದರು. ಚೀನಾ ತನ್ನ ಪ್ರಜೆಗಳಿಗೆ ಜಪಾನಿಗೆ ಹೋಗಬೇಡಿ ಎಂದಿತು, ಜಪಾನಿನ ಮೀನು ತರಿಸುವುದನ್ನು ಮತ್ತೆ ನಿಲ್ಲಿಸಿತು. ಇರುವ ಷರತ್ತುಗಳೊಳಗೇ ಇಷ್ಟಾದರೆ ಷರತ್ತುಗಳಿಲ್ಲದೆ ಏನಾದೀತು?

ಮೊದಲು ಗಟ್ಟಿಯಾಗಬೇಕಾದದ್ದು ಅಣುಬಾಂಬಿನ ವಿಷಯ. ಹೊಂದುವುದಿಲ್ಲ, ತಯಾರಿಸುವುದಿಲ್ಲ, ಒಳಗೆ ಬರಗೊಡುವುದಿಲ್ಲ ಎಂಬ ಮೂರು ಮಾತನ್ನು ಪ್ರಧಾನಿ ಐಸಾಕು ಸಾತೊ 1967ರಲ್ಲಿ ಹೇಳಿದರು, 1971ರಲ್ಲಿ ಸಂಸತ್ತು ಗೊತ್ತುವಳಿ ಮಾಡಿತು. ಅದು ಕಾನೂನಲ್ಲ. ಮೂರನೆಯ ಮಾತು ಅಮೆರಿಕದ ಹಡಗುಗಳ ಮಟ್ಟಿಗೆ ಗುಟ್ಟಾಗಿ ಸಡಿಲವಾಗಿತ್ತು ಎಂದು 2010ರಲ್ಲಿ ಸರಕಾರದ ತಜ್ಞರ ಸಮಿತಿಯೇ ಒಪ್ಪಿತು. ಜಪಾನಿನ ಒಡೆತನದಲ್ಲಿ ಬಾಂಬಿಗೂ ಬಳಸಬಹುದಾದ, ಬೇರ್ಪಡಿಸಿದ ಪ್ಲುಟೋನಿಯಂ 40 ಟನ್ನಿಗೂ ಹೆಚ್ಚು ಇದೆ, ಬಹುಪಾಲು ಬ್ರಿಟನ್, ಫ್ರಾನ್ಸಿನಲ್ಲಿ. ಈ ಮೂರು ಮಾತನ್ನೂ ಸಂಸತ್ತು ಕಾನೂನು ಮಾಡಬೇಕು. ಶಸ್ತ್ರ ರಫ್ತಿನ ಪ್ರತಿ ದೊಡ್ಡ ಒಪ್ಪಂದವೂ ಸಂಪುಟದ ಕೋಣೆಯಲ್ಲಿ ಮುಗಿಯದೆ ಸಂಸತ್ತಿನ ಮುಂದೆ ಬರಬೇಕು. ಹೊರದೇಶಕ್ಕೆ ಹೋದ ಪಡೆಯ ದಿನಚರಿ ವರದಿಗಳನ್ನು ಇಂತಿಷ್ಟು ವರ್ಷ ಕಡ್ಡಾಯವಾಗಿ ಕಾಪಿಡಬೇಕು.

ಈ ಚರ್ಚೆಯನ್ನು ಮುಂದುವರಿಸುವುದಾದರೆ ತಮ್ಮಲ್ಲಿ ಒಂದು ವಿನಂತಿ. 9ನೇ ವಿಧಿಯ ಎರಡೂ ಪರಿಚ್ಛೇದಗಳನ್ನು, ಅದರ ಪಕ್ಕದಲ್ಲೇ 2018ರ ಕರಡಿನ ಸೇರ್ಪಡೆಯನ್ನು, ಕನ್ನಡದಲ್ಲಿ ಪೂರ್ತಿಯಾಗಿ ಅಚ್ಚು ಹಾಕಿರಿ. ಎರಡೂ ಸೇರಿ ಈ ಅಂಕಣದ ಅರ್ಧ ಕಾಲಮ್ಮಿನಲ್ಲಿ ಹಿಡಿಯುತ್ತವೆ.

ಇಂತು,
ಓರ್ವ ಓದುಗ
ಬದಿಯಡ್ಕ, ಕಾಸರಗೋಡು ಜಿಲ್ಲೆ